ಮಾದರಿ ಯುದ್ಧವಿಮಾನದ ಸೀಟ್ ಬೆಲ್ಟಿಗೆ ಬಣ್ಣ ಹಚ್ಚುವುದು ಹೇಗೆ?

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರು ಕೇಳದವರು ಕೊಡಗಿನಲ್ಲಿ ಕಡಿಮೆ. 1965ರ ಯುದ್ಧದಲ್ಲಿ, ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ನಮ್ಮ ಮಿಸ್ಟೇರ್ ಯುದ್ಧವಿಮಾನಗಳಲ್ಲಿ ಅವರದ್ದೂ ಒಂದು. ತನಗಿಂತ ಎಷ್ಟೋ ವೇಗದ ಪಾಕಿಸ್ತಾನಿ ವಿಮಾನ ಸ್ಟಾರ್‌ಫೈಟರನ್ನು ಕೆಡವಿದರು, ತಾವೂ ಮರಳಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಹಾಗಾಗಿ ಇಲ್ಲಿ ಮಾದರಿ ವಿಮಾನ ಜೋಡಿಸುವ ಹುಡುಗರು ಒಂದಲ್ಲ ಒಂದು ದಿನ ಮಿಸ್ಟೇರಿಗೆ ಕೈ ಹಾಕುತ್ತಾರೆ. ಮೈಬಣ್ಣ, ರೆಕ್ಕೆಯ ಮೇಲಿನ ತ್ರಿವರ್ಣದ ವೃತ್ತ ಎಲ್ಲವೂ ಚೆನ್ನಾಗಿ ಬಂದಿರುತ್ತದೆ. ಕಾಕ್‌ಪಿಟ್ ಒಳಗೆ ಇಣುಕಿದರೆ ಮಾತ್ರ ಸೀಟಿನ ಮೇಲೆ ಎರಡು ಅಚ್ಚ ಬಿಳಿ ಗೆರೆ!

ಬೆಲ್ಟ್ ಅಂದರೆ ಬಟ್ಟೆ. ಅದಕ್ಕೆ ತೂಕ ಇದೆ, ಮಡಿಕೆ ಇದೆ, ಅಡಿಯಲ್ಲಿ ನೆರಳು ಇದೆ. ಬೆಲ್ಟಿಗಿಂತ ಜಾಸ್ತಿ ಆ ನೆರಳಿಗೆ ಬಣ್ಣ ಹಚ್ಚಲು ಕಲಿಯಬೇಕು.

ಮೊದಲು ಫೋಟೊ ನೋಡಿ. ಎಲ್ಲ ವಿಮಾನದ ಬೆಲ್ಟೂ ಒಂದೇ ಅಲ್ಲ. ಎರಡನೇ ಮಹಾಯುದ್ಧದಲ್ಲಿ ನಮ್ಮವರು ಬರ್ಮಾದಲ್ಲಿ ಹಾರಿಸಿದ ಹರಿಕೇನ್ ತರಹದ ಬ್ರಿಟಿಷ್ ವಿಮಾನಗಳಲ್ಲಿ ಸಟನ್ ಹಾರ್ನೆಸ್ ಎಂಬ ಬೆಲ್ಟ್ ಇರುತ್ತಿತ್ತು. ನಾಲ್ಕು ಪಟ್ಟಿ, ಅವುಗಳ ಉದ್ದಕ್ಕೂ ಲೋಹದ ಅಂಚಿನ ತೂತುಗಳು. ನಾಲ್ಕನ್ನೂ ಒಂದರ ಮೇಲೊಂದು ತಂದು ಒಂದೇ ಪಿನ್ನಿಗೆ ಸಿಕ್ಕಿಸುತ್ತಿದ್ದರು. ಅಲ್ಲಿ ದುಂಡನೆಯ ಬಕಲ್ ಬರೆದರೆ ತಪ್ಪು. ಜೆಟ್ ವಿಮಾನದ ಇಜೆಕ್ಷನ್ ಸೀಟಿನಲ್ಲಿ (ಅಪಾಯದಲ್ಲಿ ಪೈಲಟನ್ನು ಹೊರಗೆ ಚಿಮ್ಮಿಸುವ ಸೀಟು) ಪಟ್ಟಿಗಳು ಜಾಸ್ತಿ, ಬಣ್ಣವೂ ಬೇರೆ ಬೇರೆ. ಮನೆಯಲ್ಲಿ, ನೆಂಟರಲ್ಲಿ ವಾಯುಪಡೆಯಿಂದ ನಿವೃತ್ತರಾದ ಮಾವನೋ ದೊಡ್ಡಪ್ಪನೋ ಇದ್ದರೆ ಕೇಳಿಬಿಡಿ. ಕೊಡಗಿನಲ್ಲಿ ಅಂಥವರನ್ನು ಹುಡುಕುವುದು ಕಷ್ಟವೇನಲ್ಲ.

ಕಿಟ್‌ನ ಸೀಟಿನಲ್ಲೇ ಬೆಲ್ಟ್ ಉಬ್ಬಿ ಮೂಡಿದ್ದರೆ ನೇರವಾಗಿ ಬಣ್ಣಕ್ಕೆ ಹೋಗಬಹುದು. ಇಲ್ಲದಿದ್ದರೆ ಮಾಸ್ಕಿಂಗ್ ಟೇಪ್ ಸಾಕು. ನಿಜವಾದ ಪಟ್ಟಿ ಸುಮಾರು 45 ಮಿಲಿಮೀಟರ್ ಅಗಲ ಅಂತಿಟ್ಟುಕೊಂಡರೆ 1:48 ಅಳತೆಯಲ್ಲಿ (ನಿಜದ 48ನೇ ಒಂದು ಭಾಗ) ಒಂದು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ, 1:72ರಲ್ಲಿ 0.6 ಮಿಲಿಮೀಟರ್. ಟೇಪನ್ನು ಗಾಜಿನ ಮೇಲೆ ಅಂಟಿಸಿ, ಬಣ್ಣ ಹಚ್ಚಿ ಒಣಗಿಸಿ, ಆಮೇಲೆ ಹೊಸ ಬ್ಲೇಡಿನಿಂದ ಕತ್ತರಿಸಿ. ಮಾದರಿಗೆಂದೇ ಮಾರುವ ತೆಳು ಹಿತ್ತಾಳೆಯ ಬೆಲ್ಟ್ ತಂದಿದ್ದರೆ ಅದನ್ನು ಒಮ್ಮೆ ದೀಪದ ಉರಿಯಲ್ಲಿ ಕಾಯಿಸಿ ಆರಲು ಬಿಡಿ, ಮೆತ್ತಗಾಗುತ್ತದೆ. ಪ್ರೈಮರ್ ಇಲ್ಲದೆ ಅದಕ್ಕೆ ಬಣ್ಣ ಹಚ್ಚಬೇಡಿ, ಬಗ್ಗಿಸಿದ ಜಾಗದಲ್ಲೆಲ್ಲ ಸಿಪ್ಪೆ ಏಳುತ್ತದೆ. ಬಣ್ಣ ಹಚ್ಚಿಯೇ ಬರುವ ಸಿದ್ಧ ಬೆಲ್ಟುಗಳೂ ಈಗ ಸಿಗುತ್ತವೆ. ದುಡ್ಡಿದ್ದರೆ ತನ್ನಿ, ಆದರೆ ಅವಕ್ಕೂ ನೆರಳು ನೀವೇ ಕೊಡಬೇಕು.

ಪಟ್ಟಿಯನ್ನು ಸೀಟಿಗೆ ಚಪ್ಪಟೆಯಾಗಿ ಒತ್ತಬೇಡಿ. ಕೊಡವರು ಕುಪ್ಯದ (ಉದ್ದನೆಯ ಕೋಟು) ಮೇಲೆ ಸೊಂಟಕ್ಕೆ ಕಟ್ಟುವ ಚೇಲೆ ಬಿಚ್ಚಿ ಕುರ್ಚಿಗೆ ಹಾಕಿದಾಗ ಅದು ಹೇಗೆ ಜೋಲುತ್ತದೆ ನೋಡಿ, ಹಾಗೆ ಬೀಳಬೇಕು. ಸೊಂಟದ ಒಂದು ಪಟ್ಟಿ ಸೀಟಿನ ಅಂಚಿನಿಂದ ಹೊರಗೆ ಇಳಿದಿದ್ದರೆ ಇನ್ನೂ ಚೆಂದ. ಭುಜದ ಪಟ್ಟಿಗಳು ಸೀಟಿನ ತಲೆಯ ಹತ್ತಿರ ಸುಮ್ನೆ ನಿಂತುಬಿಡಬಾರದು, ಹಿಂದಕ್ಕೆ ಹೋಗಲೇಬೇಕು.

ಈಗ ಬಣ್ಣ. ಸೀಟನ್ನು ಮೊದಲೇ ಮುಗಿಸಿರಿ. ಹಳೆಯ ಕ್ಯಾನ್ವಾಸ್ ಬೆಲ್ಟಿಗೆ ಅಚ್ಚ ಬಿಳಿ ಬೇಡವೇ ಬೇಡ. ಟಾಮಿಯಾ ಕಂಪನಿಯ ಬಫ್ ಅಥವಾ ಡೆಕ್ ಟ್ಯಾನ್ ಎಂಬ ಮಾಸಲು ಬಣ್ಣ ಸರಿಹೋಗುತ್ತದೆ. ಅದು ಸಿಗದಿದ್ದರೆ ಸ್ಟೇಷನರಿ ಅಂಗಡಿಯ ಅಕ್ರಿಲಿಕ್ ಟ್ಯೂಬೇ ಆದೀತು. ಬಿಳಿಗೆ ಸ್ವಲ್ಪ ಕಂದು, ಚೂರು ಹಳದಿ ಸೇರಿಸಿ. ದಪ್ಪಗೆ ಒಂದೇ ಸಲ ಬಳಿಯಬೇಡಿ, ನೀರು ಸೇರಿಸಿ ತೆಳುವಾಗಿ ಎರಡು ಸಲ ಹಚ್ಚಿ. ಕಾಫಿ ನಾಡಿನವರಿಗೆ ಡಿಕಾಕ್ಷನ್ನಿನಲ್ಲೇ ಬಣ್ಣ ಕೊಟ್ಟರೆ ಹೇಗೆ ಅನ್ನಿಸುತ್ತೆ ಅಲ್ವಾ? ಕಾಗದದ ಬೆಲ್ಟಿಗೆ ಆ ಕಲೆ ಚೆನ್ನಾಗಿಯೇ ಕೂರುತ್ತದೆ. ಆದರೆ ನಮ್ಮ ಮಳೆಗೆ ಬೂಸ್ಟು ಹಿಡಿದರೆ ಕಷ್ಟ. ಕಾಫಿಯನ್ನು ಕುಡಿಯಲು ಇಟ್ಟುಕೊಳ್ಳಿ.

ಬಣ್ಣ ಒಣಗಿದ ಮೇಲೆ ಹೊಳಪಿನ ವಾರ್ನಿಷ್ ಒಂದು ಪದರ ಕೊಡಿ. ಅದರ ಮೇಲೆ ನೆರಳಿನ ಕೆಲಸ. ಬರ್ಂಟ್ ಅಂಬರ್ (ಗಾಢ ಕಂದು) ಎಣ್ಣೆ ಬಣ್ಣವನ್ನು ಟರ್ಪೆಂಟೈನಿನಲ್ಲಿ ಚಹಾದಷ್ಟು ತೆಳು ಮಾಡಿ, ಸಣ್ಣ ಬ್ರಷ್ಷಿನ ತುದಿಯಿಂದ ಬೆಲ್ಟು ಸೀಟಿಗೆ ತಾಗುವ ಅಂಚಿನಲ್ಲಿ ಮುಟ್ಟಿಸಿ. ಬಣ್ಣ ತಾನಾಗಿ ಅಂಚಿನುದ್ದಕ್ಕೂ ಹರಿಯುತ್ತದೆ. ಜಾಸ್ತಿಯಾದರೆ ಒಣ ಬ್ರಷ್ಷಿನಿಂದ ಎಳೆದು ತೆಗೆಯಿರಿ. ಕಪ್ಪು ಬಳಸಬೇಡಿ, ಅಂಚು ಇಂಕಿನಲ್ಲಿ ಬರೆದಂತೆ ಗಡುಸಾಗಿ ಕಾಣುತ್ತದೆ. ಬಕಲಿನ ಅಡಿ, ಒಂದು ಪಟ್ಟಿ ಇನ್ನೊಂದನ್ನು ದಾಟುವ ಜಾಗ, ಮಡಿಕೆಯ ಒಳಗು, ಈ ಮೂರು ಕಡೆ ನೆರಳು ಸ್ವಲ್ಪ ಗಾಢವಾಗಿರಲಿ. ಇಲ್ಲಿ ಅವಸರ ಮಾಡಬೇಡಿ. ಆಮೇಲೆ ಮೊದಲಿನ ಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸಿ, ಮಡಿಕೆಯ ನೆತ್ತಿಗೆ ಮಾತ್ರ ತಿಳಿ ಗೆರೆ. ಹೊಲಿಗೆ ಬೇಕಿದ್ದರೆ ಚೂಪು ಪೆನ್ಸಿಲಿನಿಂದ ಚುಕ್ಕೆ ಇಡಿ. 1:72ರಲ್ಲಿ ಅದನ್ನೂ ಬಿಡಿ, ಕಾಣುವುದಿಲ್ಲ.

ಇನ್ನು ಮ್ಯಾಟ್ ವಾರ್ನಿಷ್. ಬಟ್ಟೆ ಹೊಳೆಯಬಾರದು, ಬಕಲ್ ಹೊಳೆಯಬೇಕು. ಅದಕ್ಕೇ ಬಕಲಿಗೆ ಬಣ್ಣ ಮ್ಯಾಟ್ ಹೊಡೆದ ನಂತರ. ಮೊದಲು ಕಪ್ಪು, ಅದರ ಮೇಲೆ ಬೆಳ್ಳಿ ಬಣ್ಣ, ಅಂಚಿನಲ್ಲಿ ಕಪ್ಪು ಕೂದಲೆಳೆಯಷ್ಟು ಉಳಿಯಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಳಿಯೇ ಒದ್ದೆ. ಆ ದಿನಗಳಲ್ಲಿ ಲ್ಯಾಕರ್ ಸ್ಪ್ರೇ ಹೊಡೆದರೆ ಪದರ ಮಂಜು ಕವಿದ ಹಾಗೆ ಬೆಳ್ಳಗಾಗುವುದುಂಟು. ಮಳೆಗಾಲದಲ್ಲಿ ಬ್ರಷ್ಷಿನಲ್ಲಿ ಹಚ್ಚುವ ಅಕ್ರಿಲಿಕ್ ವಾರ್ನಿಷ್ಷೇ ವಾಸಿ. ಎಣ್ಣೆ ಬಣ್ಣವೂ ನಿಧಾನ. ಒಣಗಿದೆಯೋ ಅಂತ ಬೆರಳಿಟ್ಟು ನೋಡುವ ಚಪಲ ಬೇಡ, ಒಂದೆರಡು ದಿನ ಮುಚ್ಚಿಡಿ.

ಕ್ಯಾನೊಪಿ (ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ) ಅಂಟಿಸುವ ಮೊದಲು ಸುಮ್ನೆ ಮೇಲಿಟ್ಟು ನೋಡಿ. ಒಳಗೆಲ್ಲ ಮೊದಲಿಗಿಂತ ಮಬ್ಬಾಗಿ ಕಾಣುತ್ತದೆ. ಬೆಲ್ಟು ತೀರಾ ಮಂಕಾದರೆ ಮಡಿಕೆಗೆ ಇನ್ನೊಂದು ತಿಳಿ ಗೆರೆ ಎಳೆಯಿರಿ. ಅಂಟಿಸಲು ಸೂಪರ್ ಗ್ಲೂ ಮಾತ್ರ ಬೇಡ. ಅದರ ಆವಿಗೆ ಕ್ಯಾನೊಪಿ ಒಳಗಿನಿಂದ ಮಸುಕಾಗುತ್ತದೆ, ಆಮೇಲೆ ಬೆಲ್ಟೂ ಇಲ್ಲ, ಸೀಟೂ ಇಲ್ಲ. ಫೆವಿಕಾಲ್ ಸಾಕು.