ಮಾಸ್ತರರ ಅರ್ಧಕ್ಕೆ ನಿಂತ ಹಾಡುಗಳು

ಬನಹಟ್ಟಿಯ ನಮ್ಮ ಓಣಿಯಲ್ಲಿ ಅವರನ್ನು ಎಲ್ಲರೂ ಮಾಸ್ತರ ಅಂತಲೇ ಕರೆಯುತ್ತಿದ್ದರು. ಶಾಲೆಯ ಮಾಸ್ತರಲ್ಲ, ಭಜನಿ ಮಾಸ್ತರ. ಹಗಲೆಲ್ಲ ಮಗ್ಗ, ಅಮಾವಾಸ್ಯೆ ಬಂದರೆ ರಾತ್ರಿಯಿಡೀ ಮಠದಲ್ಲಿ ತತ್ವಪದ. ಅಂಥ ದನಿಯ ಒಂದು ಕ್ಯಾಸೆಟ್ಟೂ ಅಂಗಡಿಗೆ ಬರಲಿಲ್ಲ. ಒಂದು ಕಂಪನಿಯವರು ಕರೆಸಿ ಹಾಡಿಸಿಕೊಂಡರು, ಆಮೇಲೆ ಸುದ್ದಿಯೇ ಇಲ್ಲ. ಆದರೆ ಆ ರೆಕಾರ್ಡಿಂಗಿಗೆಂದು ಮಾಡಿದ ತಾಲೀಮಿನ ಕ್ಯಾಸೆಟ್‌ಗಳು ತಬಲಾ ಬಾರಿಸುತ್ತಿದ್ದ ಕಾಕಾನ ಮನೆಯಲ್ಲಿ ಉಳಿದಿದ್ದವು. ಬಿಸ್ಕಿಟ್ ಡಬ್ಬಿಯೊಳಗೆ ಒಟ್ಟು ಹನ್ನೊಂದು.

"ತಗೊಂಡ ಹೋಗಪಾ, ಇಲ್ಲಿದ್ರ ಇಲಿ ತಿಂತಾವ" ಅಂದರು ಕಾಕಾ.

ಇಂಥ ಬಿಡುಗಡೆಯಾಗದ ಹಾಡುಗಳ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಅದಕ್ಕೆ ಕಾರಣ ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರು. 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದವರು. ಅವರ ಖಾಸಗಿ ಬೈಠಕ್‌ಗಳ ಟೇಪುಗಳು ಅಭಿಮಾನಿಗಳ ಕೈಯಿಂದ ಕೈಗೆ ಹೋಗುತ್ತವೆ. ಅವುಗಳಲ್ಲಿ ತಂಬೂರಿ ಶ್ರುತಿ ಮಾಡುವುದೂ ಕೇಳುತ್ತದೆ, ನಡುವಿನ ಮಾತೂ ಕೇಳುತ್ತದೆ. ನನಗೆ ಅಂಗಡಿಯ ರೆಕಾರ್ಡಿಗಿಂತ ಅವೇ ಜಾಸ್ತಿ ಹತ್ತಿರ.

ಕೆಲಸ ಶುರು ಮಾಡಿದ್ದು ಹೀಗೆ. ಹಳೇ ಕ್ಯಾಸೆಟ್ಟನ್ನು ಸೀದಾ ಪ್ಲೇ ಮಾಡಬಾರದು. ಮೊದಲು ಕೊನೆವರೆಗೆ ಒಮ್ಮೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಬೇಕು. ಒಂದಕ್ಕೊಂದು ಅಂಟಿಕೊಂಡ ಟೇಪು ಆಗ ಸಡಿಲಾಗುತ್ತದೆ. ಮೂರು ಕ್ಯಾಸೆಟ್‌ಗಳಲ್ಲಿ ಟೇಪನ್ನು ಹೆಡ್ಡಿಗೆ, ಅಂದರೆ ಟೇಪಿನ ದನಿ ಓದುವ ಯಂತ್ರದ ಭಾಗಕ್ಕೆ, ಒತ್ತಿ ಹಿಡಿಯುವ ಪುಟ್ಟ ಸ್ಪಂಜು ಉದುರಿತ್ತು. ಸ್ಕ್ರೂ ಬಿಚ್ಚಿ ಎರಡೂ ಸುರುಳಿಗಳನ್ನು ಬೇರೆ ಕ್ಯಾಸೆಟ್ಟಿನ ಡಬ್ಬಿಗೆ ಹಾಕಿದೆ. ಪ್ರತಿ ಕ್ಯಾಸೆಟ್ ಮುಗಿದ ಮೇಲೆ ಹತ್ತಿಯಿಂದ, ಸ್ಪಿರಿಟ್ಟಿನಲ್ಲಿ, ಹೆಡ್ ಒರೆಸುತ್ತಿದ್ದೆ. ಕಂದು ಪುಡಿ ಬರುತ್ತಲೇ ಇರುತ್ತದೆ.

ಆಮೇಲೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಒಂದು ಓರೆ ಇದ್ದರೆ, ನಮ್ಮದು ಇನ್ನೊಂದು ಓರೆ ಇರುತ್ತದೆ. ಅದಕ್ಕೇ ಹಾಡು ಕಂಬಳಿ ಹೊದ್ದಂತೆ ಕೇಳುವುದು. ಆ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿದರೆ ದನಿ ತೆರೆದುಕೊಳ್ಳುತ್ತದೆ. ನಾನು ಕಿವಿ ಇಟ್ಟಿದ್ದು ದಮ್ಮಡಿಯ ಬಿಲ್ಲೆಗಳ ಮೇಲೆ. ಅವು ಛಿಲ್ ಛಿಲ್ ಅಂತ ಬಿಡಿಬಿಡಿಯಾಗಿ ಕೇಳಿದರೆ ಸರಿಯಾಯಿತು ಅಂತ ಅರ್ಥ.

ಎಲ್ಲಕ್ಕಿಂತ ಕಾಡಿದ್ದು ಶ್ರುತಿ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು. ಇವರ ತಾಲೀಮು ನಡೆದದ್ದು ಸೆಲ್ ಹಾಕುವ ಟೇಪ್ ರೆಕಾರ್ಡರಿನಲ್ಲಿ. ಸೆಲ್ ಸೋತಂತೆ ರೆಕಾರ್ಡ್ ಮಾಡುವಾಗ ಟೇಪು ನಿಧಾನವಾಗಿದೆ. ಈಗ ಸರಿಯಾದ ವೇಗದಲ್ಲಿ ಹಾಕಿದರೆ ಹಾಡು ಮುಂದೆ ಹೋದಂತೆ ಶ್ರುತಿ ಏರುತ್ತದೆ, ಮಾಸ್ತರರ ದನಿ ಎಳೇ ಹುಡುಗನದಾಗುತ್ತದೆ. ಆಗ ನೆನಪಾಗಿದ್ದು ಮಠದ ಹಾರ್ಮೋನಿಯಂ. ಅದೇ ಪೆಟ್ಟಿಗೆ ಇನ್ನೂ ಇದೆ. ಮಾಸ್ತರರು ಕರಿ ಎರಡರಲ್ಲೇ, ಅಂದರೆ ಎರಡನೇ ಕರಿ ಮನೆಯ ಶ್ರುತಿಯಲ್ಲೇ, ಹಾಡುತ್ತಿದ್ದರು ಅಂತ ಕಾಕಾ ಹೇಳಿದರು. ಹೋಗಿ ಆ ಸ್ವರವನ್ನು ಫೋನಿನಲ್ಲಿ ಹಿಡಿದುಕೊಂಡು ಬಂದೆ. ಆಡಾಸಿಟಿ ಅನ್ನುವ, ದನಿ ತಿದ್ದುವ ಸಾಫ್ಟ್‌ವೇರಿನಲ್ಲಿ ಪ್ರತಿ ಎರಡು ನಿಮಿಷಕ್ಕೊಮ್ಮೆ ವೇಗವನ್ನು ಅದಕ್ಕೆ ಹೊಂದಿಸಿದೆ. ಒಂದು ಕ್ಯಾಸೆಟ್ಟಿಗೆ ನಾಲ್ಕು ರಾತ್ರಿ ಹಿಡಿಯಿತು. ಬರೀ ಪಿಚ್ ಬದಲಿಸಿದರೆ ಸಾಲದು, ವೇಗವನ್ನೇ ಬದಲಿಸಬೇಕು. ಇಲ್ಲದಿದ್ದರೆ ತಾಳ ಓಡುತ್ತದೆ.

ಏಳನೇ ಕ್ಯಾಸೆಟ್ಟಿನ ಎರಡನೇ ಬದಿಯ ಬಗ್ಗೆ ಹೇಳಲೇಬೇಕು. ಅದರಲ್ಲಿ ಶಿಶುನಾಳ ಶರೀಫರ ಒಂದೇ ಪದವನ್ನು ಮಾಸ್ತರರು ಮೂರು ಸಲ ಹಿಡಿಯುತ್ತಾರೆ. ಮೊದಲು ಭೈರವಿಯಲ್ಲಿ. ಪಲ್ಲವಿ ಮುಗಿಯುತ್ತದೆ, ಮೊದಲ ನುಡಿಯ ನಡುವೆ ಗಕ್ಕನೆ ನಿಲ್ಲಿಸುತ್ತಾರೆ. "ಬ್ಯಾಡ. ಭಾಳ ಅಳಸ್ತೈತಿ ಇದು. ಈ ಪದ ಅಳೂದಲ್ಲ." ಯಾರೋ ಕೆಮ್ಮುತ್ತಾರೆ, ಎಲ್ಲೋ ಚಹಾದ ಕಪ್ಪು ಕೆಳಗಿಟ್ಟ ಸಪ್ಪಳ. ಎರಡನೇ ಸಲ ಪಹಾಡಿಯಲ್ಲಿ, ಹಗುರವಾಗಿ. ಅದನ್ನೂ ಬಿಡುತ್ತಾರೆ, ಈ ಸಲ ಮಾತಿಲ್ಲ. ಹಾರ್ಮೋನಿಯಂ ತಾನಾಗಿ ಸುಮ್ಮನಾಗುತ್ತದೆ. ಮೂರನೇ ಸಲ ಪೆಟ್ಟಿಗೆಯೇ ಇಲ್ಲ. ಬರೀ ಏಕತಾರಿ, ದಮ್ಮಡಿ, ಬಹುಶಃ ಅವರ ಅವ್ವನೋ ಅಜ್ಜಿಯೋ ಬೀಸುವಾಗ ಹಾಡಿದ ಧಾಟಿ. ಮೂರನೇ ನುಡಿಯ ಮೊದಲ ಸಾಲಿಗೆ ಬರುವಷ್ಟರಲ್ಲಿ ಟೇಪು ಮುಗಿದು ಟಕ್ ಅಂತ ಬಟನ್ ಏಳುತ್ತದೆ.

ಶರೀಫರು ತೀರಿಕೊಂಡದ್ದು 1889ರಲ್ಲಿ. ಪದಗಳು ಪುಸ್ತಕಕ್ಕೆ ಬಂದವು, ಧಾಟಿ ಬಾಯಲ್ಲೇ ಉಳಿಯಿತು. ಅದಕ್ಕೇ ಊರೂರಿಗೆ ಧಾಟಿ ಬೇರೆ. ಒಂದು ಧಾಟಿ ಹುಟ್ಟುವುದನ್ನು ನಾವು ಯಾವಾಗ ಕೇಳಿದ್ದೇವೆ? ಮಠದಲ್ಲಿ ಕೂತಾಗ ಕೇಳುವುದು ಪಕ್ವವಾದ ಹಾಡು. ಕಂಪನಿ ಕ್ಯಾಸೆಟ್ ತಂದಿದ್ದರೂ ಆ ಮೂರನೆಯದೊಂದೇ ಬರುತ್ತಿತ್ತು. ಅವರು ಕೈಬಿಟ್ಟ ಎರಡನ್ನು ಕೇಳಿದ ಮೇಲೆಯೇ ನನಗೆ ಮೂರನೆಯದರ ಬೆಲೆ ತಿಳಿದದ್ದು.

ಇಲ್ಲೇ ನಾನೊಂದು ತಪ್ಪೂ ಮಾಡಿದೆ. ಹಿಂದೆ ಪಕ್ಕದ ಮನೆಯ ಮಗ್ಗದ ಸಪ್ಪಳ ಖಟಪಟ ಅಂತ ಕೇಳುತ್ತಿತ್ತು. ನಾಯ್ಸ್ ರಿಡಕ್ಷನ್ ಹಾಕಿ ತೆಗೆದೆ. ಏಕತಾರಿಯ ಝೇಂಕಾರವೂ ಅದರ ಜೊತೆಗೇ ಹೋಯಿತು. ಆ ಕಾಪಿ ಹಾಕಿದಾಗ ಕಾಕಾ ಎರಡು ನಿಮಿಷ ಕೇಳಿ, "ಇದು ನಮ್ಮ ಮನಿ ಅಲ್ಲ ಬಿಡು" ಅಂದರು. ಪುಣ್ಯಕ್ಕೆ ಮೂಲ ಫೈಲು ಹಾಗೇ ಇಟ್ಟಿದ್ದೆ. 24 ಬಿಟ್ ವೇವ್ ಫೈಲು, ಏನೂ ಕೈ ಹಚ್ಚದ್ದು, ಎರಡು ಹಾರ್ಡ್ ಡಿಸ್ಕಿನಲ್ಲಿ. ಈಗ ಕೇಳಿಸುವುದು ವೇಗ ಸರಿಪಡಿಸಿದ ಕಾಪಿಯನ್ನಷ್ಟೇ. ಮಗ್ಗ ಇದೆ, ಕೆಮ್ಮು ಇದೆ, ತುಂಡಾದ ಪಲ್ಲವಿಗಳೂ ಇವೆ.

ಬೇರೆಯವರಿಗೆ ಕೊಡುವ ಮೊದಲು ಮಾಸ್ತರರ ಮಗಳನ್ನು ಕೇಳಿದೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಾಡಿದವರ ಹಕ್ಕು 50 ವರ್ಷ ಇರುತ್ತದೆ. ಆದರೆ ಕಾಯ್ದೆ ಇರಲಿ ಬಿಡಲಿ, ಅಪ್ಪ ಬೇಡವೆಂದು ಬಿಟ್ಟ ಹಾಡನ್ನು ಮನೆಯವರನ್ನು ಕೇಳದೆ ಹಂಚುವುದು ಸರಿಯಲ್ಲ ಅಲ್ವಾ? ಅಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದು ಮೂರೂ ಕೇಳಿದರು. ಮಠದಲ್ಲಿ ಹಾಕಲು ಒಪ್ಪಿದರು. ಭೈರವಿಯದನ್ನು ಮಾತ್ರ ತಮಗೊಬ್ಬರಿಗೇ ಬೇಕು ಅಂದರು. ಹಾಗೇ ಮಾಡಿದ್ದೇನೆ.

ಹನ್ನೊಂದನೇ ಕ್ಯಾಸೆಟ್ ಇನ್ನೂ ಬಾಕಿ ಇದೆ. ಟೇಪು ಎರಡು ಕಡೆ ಹರಿದಿದೆ, ಬಿಳಿ ಬೂಸಲೂ ಹಿಡಿದಿದೆ. ಲೇಬಲ್ಲಿನ ಮೇಲೆ ಕಾಕಾನ ಅಕ್ಷರದಲ್ಲಿ ಒಂದೇ ಮಾತು ಬರೆದಿದೆ: "ಉಳಿದದ್ದು".