ಹಳೇ ಹೋಟೆಲಿನಲ್ಲಿ ದೆವ್ವ ಹುಡುಕುವುದು ಹೇಗೆ?

ಮಾಲೀಕರ ಒಪ್ಪಿಗೆ ಪಡೆದು, ಹಗಲಿನಲ್ಲೇ ಒಮ್ಮೆ ಕೋಣೆ ಸುತ್ತಿ ನೋಡಿ. ಹಾಗೆ ನೋಡದೆಯೇ ನಾನೊಮ್ಮೆ ರಾತ್ರಿಯಿಡೀ ‘ಹೆಜ್ಜೆ ಸದ್ದು’ ರೆಕಾರ್ಡ್ ಮಾಡಿದ್ದೆ. ಬೆಳಿಗ್ಗೆ ಹುಡುಕಿದರೆ, ಬಿಸಿನೀರಿನ ಪೈಪು ತಣ್ಣಗಾಗುವಾಗ ಟಕ್ ಟಕ್ ಅನ್ನುತ್ತಿತ್ತು!

ಇಎಂಎಫ್ ಮೀಟರ್ (ವಿದ್ಯುತ್ಕಾಂತೀಯ ಕ್ಷೇತ್ರ ಅಳೆಯುವ ಸಾಧನ) ಏರಿದರೆ ಮೊದಲು ಗೋಡೆಯೊಳಗಿನ ವೈರಿಂಗ್ ಮೇಲೆ ಅನುಮಾನ ಪಡಿ. ಫ್ಯಾನುಗಳನ್ನೂ ಒಂದೊಂದಾಗಿ ಆರಿಸಿ ನೋಡಿ. ಇದು ತುಂಬಾ ಮುಖ್ಯ. ಇಂಗ್ಲೆಂಡಿನ ಇಂಜಿನಿಯರ್ ವಿಕ್ ಟ್ಯಾಂಡಿಗೆ ಲ್ಯಾಬಿನಲ್ಲಿ ಬೂದು ಆಕೃತಿಯೊಂದು ಕಂಡಿತ್ತು. ಫ್ಯಾನಿನಿಂದ ಹುಟ್ಟಿದ, ಕಿವಿಗೆ ಕೇಳದ ಸುಮಾರು 19 ಹರ್ಟ್ಸ್ ಕಂಪನವೇ ಅದಕ್ಕೆ ಕಾರಣವಿರಬೇಕು ಎಂದು 1998ರಲ್ಲಿ ಅವರು ಬರೆದರು.

ಸಮಯ, ಜಾಗ, ಯಾರು ಎಲ್ಲಿದ್ದರು, ಎಲ್ಲ ಆಗಲೇ ಬರೆದಿಡಿ. ಯಾರಿಗಾದರೂ ತಲೆನೋವು, ತಲೆಸುತ್ತು ಬಂದರೆ ಸುಮ್ನೆ ಕೂರಬೇಡಿ. ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರಬಹುದು, ತಕ್ಷಣ ಎಲ್ಲರೂ ಹೊರಗೆ ಬನ್ನಿ.