ಲೋಕಲ್‌ನಲ್ಲಿ ಓದು, ರಾತ್ರಿ ಕೋಡ್

ವೆಬ್ ಡೆವಲಪ್‌ಮೆಂಟ್ ಕಲಿಯಲು ಹೊರಟವರು ಓದಿಗೆ ಎಷ್ಟು ಹೊತ್ತು, ಅಭ್ಯಾಸಕ್ಕೆ ಎಷ್ಟು ಹೊತ್ತು ಎಂದು ನನ್ನನ್ನು ಕೇಳುತ್ತಿರುತ್ತಾರೆ. ನನಗೆ ಆ ಪಾಲು ಮಾಡಿಕೊಟ್ಟದ್ದು ಡೊಂಬಿವಲಿಯಿಂದ ದಾದರ್‌ಗೆ ಹೋಗುವ ಮುಂಬೈನ ಫಾಸ್ಟ್ ಲೋಕಲ್ ರೈಲು. ಬೆಳಗಿನ ನೂಕುನುಗ್ಗಲಿನಲ್ಲಿ ಲ್ಯಾಪ್‌ಟಾಪ್ ತೆರೆಯುವ ಮಾತೇ ಇಲ್ಲ. ಮೊಬೈಲಿನಲ್ಲಿ ಓದಬಹುದು, ಅಷ್ಟೆ. ಕೋಡ್ ಬರೆಯುವುದೇನಿದ್ದರೂ ರಾತ್ರಿ ಊಟವಾದ ಮೇಲೆ.

ಹೊತ್ತು ಹೀಗೆ ತಾನಾಗಿ ಹಂಚಿಹೋಯಿತು. ಏನನ್ನು ಓದಬೇಕು ಎಂಬುದನ್ನು ಮಾತ್ರ ನಾನೇ ಗೊತ್ತುಮಾಡಿಕೊಂಡೆ: ರಾತ್ರಿ ಕೈ ಎಲ್ಲಿ ನಿಂತಿತೋ ಬೆಳಗ್ಗೆ ಅದನ್ನೇ ಓದುವುದು.

ನಮ್ಮ ಕನ್ನಡ ಸಂಘದ ಸದಸ್ಯರ ವಂತಿಗೆಗೆ ಒಂದು ಪುಟ ಮಾಡುತ್ತಿದ್ದೆ. ಮೊತ್ತದ ಏರಿಕೆಯ ಕ್ರಮದಲ್ಲಿ ಜೋಡಿಸಲು ವೆಬ್ ಪುಟಗಳ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟಿನ ಸಾರ್ಟ್ ಬಳಸಿದರೆ 1000, 250, 500 ಎಂದು ಬಂತು. ಕೋಡ್ ಪರೀಕ್ಷಿಸಲು ಬ್ರೌಸರ್‌ನಲ್ಲೇ ಇರುವ ಕನ್ಸೋಲ್‌ನಲ್ಲಿ ನೋಡಿದರೆ ಎಲ್ಲವೂ ಸಂಖ್ಯೆಗಳೇ. ಮರುದಿನ ಗಾಡಿಯಲ್ಲಿ ವೆಬ್ ಡೆವಲಪರ್‌ಗಳ ಆನ್‌ಲೈನ್ ಕೈಪಿಡಿಯಾದ ಮೊಝಿಲ್ಲಾದ ಎಂಡಿಎನ್‌ನಲ್ಲಿ ಸಾರ್ಟ್‌ನ ಪುಟ ತೆರೆದೆ. ಹೋಲಿಸುವ ಫಂಕ್ಷನ್ ಕೊಡದಿದ್ದರೆ ಸಾರ್ಟ್ ಸಂಖ್ಯೆಗಳನ್ನೂ ಅಕ್ಷರಗಳ ಸಾಲೆಂದೇ ಎಣಿಸುತ್ತದೆ. 1 ಎಂಬ ಚಿಹ್ನೆ 2ಕ್ಕಿಂತ ಮೊದಲು ಬರುವುದರಿಂದ ಸಾವಿರವೇ ಮುಂದೆ ನಿಲ್ಲುತ್ತದೆ. ಎರಡು ಮೊತ್ತಗಳ ವ್ಯತ್ಯಾಸ ಕೊಡುವ ಒಂದು ಸಾಲಿನ ಫಂಕ್ಷನ್ ಸೇರಿಸಿದರೆ ಸರಿಯಾಗುತ್ತದೆ. ಸಾರ್ಟ್ ಮೂಲ ಪಟ್ಟಿಯನ್ನೇ ಬದಲಿಸುತ್ತದೆ ಎಂದೂ ಅಲ್ಲೇ ಇತ್ತು. ಪಟ್ಟಿಯಲ್ಲಿ ಮೊದಲಿದ್ದ ರಸೀದಿ ಸಂಖ್ಯೆಯ ಕ್ರಮ ಏಕೆ ಕಾಣೆಯಾಗಿತ್ತು ಎಂಬುದು ಆಗ ಹೊಳೆಯಿತು. 2023ರಲ್ಲಿ ಭಾಷೆಗೆ ಸೇರಿದ ಟುಸಾರ್ಟೆಡ್ ಎಂಬ ಫಂಕ್ಷನ್ ಹೊಸ ಪಟ್ಟಿಯನ್ನು ಕೊಟ್ಟು ಹಳೆಯದನ್ನು ಹಾಗೆಯೇ ಬಿಡುತ್ತದೆ. ಇದೇ ಪುಟವನ್ನು ಪಾಠದ ಸರದಿಯಂತೆ ಓದಿದ್ದರೆ ಇದರಲ್ಲಿ ಒಂದೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

ವಿಡಿಯೊ ಪಾಠಗಳನ್ನೂ ನೋಡಿದ್ದೇನೆ. ನೋಡಿ ಮುಗಿಸಿ, ಮುಚ್ಚಿ, ಅದನ್ನೇ ನೆನಪಿನಿಂದ ಕಟ್ಟಿದರೆ ಮಾತ್ರ ಅದು ಅಭ್ಯಾಸ.

ಎಲ್ಲಕ್ಕೂ ಈ ಕ್ರಮ ಸಲ್ಲದು. ತಪ್ಪಿದರೆ ಕಣ್ಣಿಗೆ ಕಾಣುವುದನ್ನು ಕೈಯಿಂದಲೇ ಕಲಿಯಬಹುದು. ತಪ್ಪಿದರೂ ಕಾಣದಿರುವುದನ್ನು ಮೊದಲೇ ಓದಿಕೊಳ್ಳಬೇಕು. ಸದಸ್ಯರು ಬರೆದ ಹೆಸರನ್ನು ಕೊಟ್ಟದ್ದನ್ನೆಲ್ಲ ಪುಟದ ಕೋಡ್ ಎಂದೇ ಓದುವ ಇನ್ನರ್‌ಎಚ್‌ಟಿಎಂಎಲ್ ಮೂಲಕ ಪುಟಕ್ಕೆ ಹಾಕಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಯಾರಾದರೂ ಹೆಸರಿನ ಜಾಗದಲ್ಲಿ ಇಲ್ಲದ ಚಿತ್ರವೊಂದರ ಟ್ಯಾಗ್ ಬರೆದು, ಅದರ ಆನ್‌ಎರರ್‌ನಲ್ಲಿ, ಅಂದರೆ ಚಿತ್ರ ಸಿಗದಿದ್ದಾಗ ಏನು ಮಾಡಬೇಕೆಂದು ಹೇಳುವ ಜಾಗದಲ್ಲಿ, ಕೋಡ್ ಇಟ್ಟರೆ, ಪುಟ ತೆರೆದವರ ಬ್ರೌಸರ್‌ನಲ್ಲೆಲ್ಲ ಅದು ಓಡುತ್ತದೆ. ಟೆಕ್ಸ್ಟ್‌ಕಂಟೆಂಟ್ ಬಳಸಿದರೆ ಹೆಸರು ಬರಿಯ ಪಠ್ಯವಾಗಿಯೇ ಉಳಿಯುತ್ತದೆ. ಎಷ್ಟು ಅಭ್ಯಾಸ ಮಾಡಿದರೂ ಈ ಬಿರುಕು ತಾನಾಗಿ ತೋರುವುದಿಲ್ಲ. ಫಾರ್ಮಿನ ಖಾನೆಗಳಿಗೆ ಕೋಡ್‌ನಲ್ಲಿ ಜೋಡಿಸುವ ಹೆಸರುಗಳಾದ ಲೇಬಲ್‌ಗಳೂ ಹಾಗೆಯೇ. ಇಲ್ಲದಿದ್ದರೆ ನಮಗೆ ಏನೂ ಅನ್ನಿಸುವುದಿಲ್ಲ, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ನಂಬಿದವರಿಗೆ ಯಾವ ಖಾನೆ ಯಾವುದೆಂದು ತಿಳಿಯುವುದೇ ಕಷ್ಟ.

ಈಗ ಪುಟಕ್ಕೆ ಲಾಗಿನ್ ಬೇಕೆಂದು ಸಂಘದ ಕಾರ್ಯದರ್ಶಿಯವರು ಕೇಳಿದ್ದಾರೆ. ಪಾಸ್‌ವರ್ಡನ್ನು ಮೂಲರೂಪದಲ್ಲಿ ಇಡದೆ ಗುರುತು ಸಿಗದಂತೆ ಬದಲಿಸಿಡುವ ಹ್ಯಾಶಿಂಗ್, ಲಾಗಿನ್ ಆದವರನ್ನು ಬ್ರೌಸರ್ ನೆನಪಿಡಲು ಬಳಸುವ ಕುಕಿಗಳ ಓದು ಮುಗಿಯುವ ತನಕ ಒಂದು ಸಾಲೂ ಬರೆಯುವುದಿಲ್ಲ ಎಂದು ಅವರಿಗೆ ಹೇಳಿದ್ದೇನೆ.